ಗಿಡದ ನೀರಡಿಕೆಯ ಅಳತೆ: ಆಲಿವ್ ಮರದ ಪಾಠವೂ ನಮ್ಮ ದ್ರಾಕ್ಷಿಯ ನೆಲವೂ

ಪುಣೆ ಕ್ಯಾಂಪಿನ ದಕ್ಷಿಣದ ಅಂಚಿನಲ್ಲಿ, ಎಂಪ್ರೆಸ್ ಉದ್ಯಾನದ ಮಗ್ಗುಲಿನಿಂದ ಹಡಪಸರದ ಕಡೆಗೆ ಸಾಗುವ ಕಾಲುವೆಯನ್ನು ಈ ಊರಿನ ಕನ್ನಡಿಗರೆಲ್ಲರೂ ಕಂಡವರೇ. ಖಡಕವಾಸಲೆಯ ಜಲಾಶಯದಿಂದ ಹೊರಟ ಮುಠಾ ಬಲದಂಡೆ ಕಾಲುವೆ ಅದು. ಆ ಜಲಾಶಯಕ್ಕೆ ತನ್ನಷ್ಟಕ್ಕೆ ತಾನೇ ತೆರೆದು ಮುಚ್ಚಿಕೊಳ್ಳುವ ಕದಗಳನ್ನು 1903ರಲ್ಲಿ ಅಳವಡಿಸಿ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚಿನ ನೀರನ್ನು ಸಂಗ್ರಹಿಸಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಪುಣೆಯಲ್ಲಿಯೇ ಕಲಿತು, 1884ರಲ್ಲಿ ಮುಂಬಯಿ ಸರಕಾರದ ಸೇವೆಗೆ ಸೇರಿದ ಈ ಕನ್ನಡಿಗರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೀರಾ ಕಾಲುವೆಯ ಕೆಳಗೆ ‘ಬ್ಲಾಕು ಪದ್ಧತಿ’ಯನ್ನು ಜಾರಿಗೆ ತಂದರು. ಕೆಲವೇ ಹಳ್ಳಿಗಳ ಕಬ್ಬಿನ ಗದ್ದೆಗಳಲ್ಲಿ ನಿಂತು ಕೊಳೆಯುತ್ತಿದ್ದ ನೀರನ್ನು ಹಲವು ಹಳ್ಳಿಗಳಿಗೆ, ಗೊತ್ತುಪಡಿಸಿದ ಕ್ಷೇತ್ರಗಳಿಗೆ, ಬೆಳೆಯ ಸರದಿಯನ್ನು ನೋಡಿ ಹಂಚುವುದೇ ಅದರ ತಿರುಳು.

ಕಾಲುವೆಯಲ್ಲಿ ಎಷ್ಟು ನೀರು ಹರಿಯಿತೆಂಬುದನ್ನು ಅಳೆಯುವ ವಿದ್ಯೆ ಹೀಗೆ ನೂರು ವರ್ಷಗಳ ಹಿಂದೆಯೇ ಪರಿಪಕ್ವವಾಗಿತ್ತು. ಆದರೆ ಆ ನೀರು ಗಿಡಕ್ಕೆ ಬೇಕಾಗಿತ್ತೆ, ಬೇಕಾಗಿದ್ದರೆ ಎಷ್ಟು, ಎಂದು, ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಕಾಲುವೆಯಲ್ಲ, ಗಿಡವೇ. ಗಿಡವನ್ನು ಈ ಪ್ರಶ್ನೆ ಕೇಳುವ ಬಗೆ ಯಾವುದು, ಅದು ಕೊಡುವ ಉತ್ತರವನ್ನು ಓದಿಕೊಳ್ಳುವುದು ಹೇಗೆ, ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಈ ವಿದ್ಯೆ ವಿಶೇಷವಾಗಿ ಬೆಳೆದದ್ದು ಮೆಡಿಟರೇನಿಯನ್ ತೀರದ ಆಲಿವ್ ತೋಟಗಳಲ್ಲಿ. ಅದರ ಅಗತ್ಯ ತೀವ್ರವಾಗಿರುವುದು ಪುಣೆ, ಸೋಲಾಪುರ, ಸಾಂಗಲಿ, ವಿಜಯಪುರಗಳ ದ್ರಾಕ್ಷಿಯ ನೆಲದಲ್ಲಿ. ಆದುದರಿಂದ ಎರಡನ್ನೂ ಒಟ್ಟಿಗೆ ನೋಡುವುದು ಯುಕ್ತ.

1. ಪ್ರಾಚೀನರ ಮೂರು ಮಾನದಂಡಗಳು

ಪ್ರಶ್ನೆ ಹೊಸದಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ ಹೊಸದಾಗಿ ನೆಟ್ಟ ಗಿಡಗಳಿಗೆ ಬೇಸಗೆಯಲ್ಲಿ ಬೆಳಗು ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ನೀರೆರೆಯಬೇಕೆಂದು ವಿಧಿಸುತ್ತಾನೆ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ವು ಅಂತರ್ಜಲದ ಶೋಧವನ್ನೂ ವೃಕ್ಷಾಯುರ್ವೇದವನ್ನೂ ಒಂದೇ ಗ್ರಂಥದಲ್ಲಿ ಸೇರಿಸಿಕೊಂಡಿದೆ. ನೀರನ್ನು ಹುಡುಕುವ ವಿದ್ಯೆ ಮತ್ತು ನೀರನ್ನು ಉಣಿಸುವ ವಿದ್ಯೆ ಇವೆರಡೂ ಒಂದೇ ಮನೆಯವು ಎಂಬ ತಿಳಿವಳಿಕೆ ನಮ್ಮವರಿಗೆ ಇತ್ತೆಂಬುದಕ್ಕೆ ಇದು ಸಾಕ್ಷಿ.

ವರಾಹಮಿಹಿರನ ವಿಧಿಯನ್ನು ಸೂಕ್ಷ್ಮವಾಗಿ ನೋಡಿದರೆ ಅದರಲ್ಲಿ ಎರಡು ಬೇರೆ ಬೇರೆ ಮಾನದಂಡಗಳು ಅಡಗಿರುವುದು ಕಾಣುತ್ತದೆ. ಬೇಸಗೆ ಚಳಿಗಾಲಗಳ ವಿಧಿ ಋತುವನ್ನು, ಎಂದರೆ ಆಕಾಶವನ್ನು ನೋಡಿ ಹೇಳಿದ್ದು. ಮಳೆಗಾಲದ ವಿಧಿ ನೆಲವನ್ನು ನೋಡಿ ಹೇಳಿದ್ದು. ಇವೆರಡರ ಜೊತೆಗೆ ಒಕ್ಕಲಿಗನ ಕಣ್ಣು ಯಾವಾಗಲೂ ಬಳಸಿಕೊಂಡು ಬಂದಿರುವ ಮೂರನೆಯದೊಂದುಂಟು: ಗಿಡದ ಮುಖ. ಎಲೆ ಬಾಡಿತೆ, ಕುಡಿ ಬಾಗಿತೆ, ಬಣ್ಣ ಮಂಕಾಯಿತೆ ಎಂದು ನೋಡುವುದು. ಆಧುನಿಕ ವಿಜ್ಞಾನವು ಆಕಾಶ, ನೆಲ, ಗಿಡ ಎಂಬ ಈ ಮೂರನ್ನೇ ಉಪಕರಣಗಳ ಮೂಲಕ ಅಳೆಯುತ್ತದೆ. ನಾಲ್ಕನೆಯದೊಂದನ್ನು ಅದು ಕಂಡುಹಿಡಿದಿಲ್ಲ. ಆದರೆ ಕಣ್ಣಿಗೂ ಉಪಕರಣಕ್ಕೂ ಒಂದು ಮುಖ್ಯ ಅಂತರವಿದೆ. ಎಲೆ ಬಾಡಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಹಾನಿಯ ಬಹುಭಾಗ ಆಗಿಹೋಗಿರುತ್ತದೆ. ಆಲಿವ್‌ನಂಥ ಗಡಸು ಎಲೆಯ ಮರವಂತೂ ಬಹು ದೂರ ಹೋಗುವವರೆಗೆ ತನ್ನ ಸಂಕಟವನ್ನು ಮುಖದಲ್ಲಿ ತೋರಿಸುವುದೇ ಇಲ್ಲ.

2. ಗಿಡವು ನೀರನ್ನು ಕುಡಿಯುವ ಬಗೆ

ಅಳತೆಯನ್ನು ತಿಳಿಯಬೇಕಾದರೆ ಅಳೆಯತಕ್ಕ ವಸ್ತುವನ್ನು ಮೊದಲು ತಿಳಿಯಬೇಕು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಎಂಬವರು ಸೂರ್ಯಕಾಂತಿಯ ಗಿಡವನ್ನು ಕುಂಡದ ಸಮೇತ ತೂಗಿ, ಅದು ದಿನಕ್ಕೆ ಎಷ್ಟು ನೀರನ್ನು ಆವಿಯಾಗಿ ಬಿಡುತ್ತದೆಂಬುದನ್ನು ಲೆಕ್ಕ ಹಾಕಿ 1727ರಲ್ಲಿ ಪ್ರಕಟಿಸಿದರು. ದ್ರಾಕ್ಷಿಬಳ್ಳಿಯ ರಸದ ಒತ್ತಡವನ್ನೂ ಅವರು ಅಳೆದರು. ಬೇರು ಹೀರಿದ ನೀರಿನಲ್ಲಿ ಗಿಡವು ತನ್ನ ಮೈಯಲ್ಲಿ ಉಳಿಸಿಕೊಳ್ಳುವುದು ಅತ್ಯಲ್ಪ. ಉಳಿದದ್ದೆಲ್ಲವೂ ಎಲೆಯ ಪತ್ರರಂಧ್ರಗಳಿಂದ ಆವಿಯಾಗಿ ಹೊರಟುಹೋಗುತ್ತದೆ. ಇದನ್ನು ಬಾಷ್ಪವಿಸರ್ಜನೆ ಎನ್ನುತ್ತೇವೆ. ಇದು ವ್ಯರ್ಥವಾದ ವೆಚ್ಚವಲ್ಲ. ಆಹಾರವನ್ನು ತಯಾರಿಸಲು ಬೇಕಾದ ಇಂಗಾಲದ ವಾಯು ಒಳಗೆ ಬರುವುದೂ ಅದೇ ರಂಧ್ರಗಳಿಂದಲೇ. ಬಾಗಿಲು ತೆರೆಯದೆ ಸರಕು ಒಳಗೆ ಬಾರದು. ಬಾಗಿಲು ತೆರೆದರೆ ನೀರು ಹೊರಗೆ ಹೋಗದೆ ಇರದು. ಗಿಡದ ಬಾಳೆಲ್ಲವೂ ಈ ವಿನಿಮಯದ ಮೇಲೆ ನಿಂತಿದೆ.

ನೀರು ಎತ್ತರದ ಎಲೆಗೆ ಏರುವುದು ಹೇಗೆಂಬುದಕ್ಕೆ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಎಂಬವರು 1894ರಲ್ಲಿ ವಿವರಣೆಯನ್ನು ಕೊಟ್ಟರು. ಎಲೆಯಿಂದ ನೀರು ಆವಿಯಾದಾಗ ಅದರ ಹಿಂದಿನ ನೀರು ಎಳೆಯಲ್ಪಡುತ್ತದೆ. ನೀರಿನ ಕಣಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಆ ಎಳೆತವು ಕಾಷ್ಠನಾಳಗಳ ಮೂಲಕ ಬೇರಿನವರೆಗೆ ಹಗ್ಗದಂತೆ ಇಳಿಯುತ್ತದೆ. ನಮ್ಮ ದೇಶದ ಜಗದೀಶಚಂದ್ರ ಬೋಸರು 1923ರಲ್ಲಿ ಇದೇ ವಿಷಯದ ಮೇಲೆ ಒಂದು ಗ್ರಂಥವನ್ನು ಬರೆದು, ಜೀವಂತ ಕೋಶಗಳ ಮಿಡಿತವೇ ರಸವನ್ನು ಮೇಲಕ್ಕೆ ದೂಡುತ್ತದೆಂದು ವಾದಿಸಿದ್ದರು. ಗಿಡದ ಸೂಕ್ಷ್ಮ ಚಲನೆಗಳನ್ನು ದಾಖಲಿಸುವ ಉಪಕರಣಗಳನ್ನು ರಚಿಸುವುದರಲ್ಲಿ ಅವರು ಅದ್ವಿತೀಯರಾಗಿದ್ದರೂ, ರಸದ ಏರಿಕೆಯ ವಿಷಯದಲ್ಲಿ ವಿಜ್ಞಾನವು ಎಳೆತದ ತತ್ತ್ವವನ್ನೇ ಅಂಗೀಕರಿಸಿದೆ.

ಹೀಗೆ ಗಿಡದ ನಾಳಗಳಲ್ಲಿರುವ ನೀರು ನಲ್ಲಿಯ ನೀರಿನಂತೆ ಒತ್ತಡದಲ್ಲಿಲ್ಲ, ಅದು ಸೆಳೆತದಲ್ಲಿದೆ. ನೆಲ ಒಣಗಿದಷ್ಟೂ, ಗಾಳಿ ಶುಷ್ಕವಾದಷ್ಟೂ ಸೆಳೆತ ಹೆಚ್ಚುತ್ತದೆ. ಈ ಸೆಳೆತವೇ ಗಿಡದ ನೀರಡಿಕೆಯ ಮಾನ. ಶಾಸ್ತ್ರಜ್ಞರು ಇದನ್ನು ಋಣಸಂಖ್ಯೆಯ ಜಲವಿಭವವೆಂದು ಬರೆಯುತ್ತಾರೆ. ನಾವು ಸೆಳೆತವೆಂದೇ ಹೇಳಿ ಧನಸಂಖ್ಯೆಯಲ್ಲಿ ಬರೆಯೋಣ. ಮಾನಕ್ಕೆ ‘ಬಾರ್’ ಎಂಬ ಘಟಕ ಸಾಕು. ಒಂದು ಬಾರ್ ಎಂದರೆ ಸುಮಾರಾಗಿ ಒಂದು ವಾಯುಭಾರ. ಮೋಟಾರಿನ ಚಕ್ರದಲ್ಲಿ ತುಂಬುವ ಗಾಳಿಯ ಒತ್ತಡ ಸುಮಾರು 2 ಬಾರ್ ಎಂಬುದನ್ನು ನೆನಪಿಟ್ಟರೆ ಮುಂದಿನ ಅಂಕಿಗಳ ತೂಕ ಮನಸ್ಸಿಗೆ ಬರುವುದು.

3. ಆಕಾಶದ ಲೆಕ್ಕ

ಮೊದಲನೆಯ ಮಾನದಂಡವಾದ ಆಕಾಶದ ವಿಷಯದಲ್ಲಿ ಪುಣೆಯದು ಹಿರಿಯ ಸ್ಥಾನ. ಭಾರತದ ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲೆಯಿಂದ ಇಲ್ಲಿಗೆ ಬಂದಿತು. ಹಳೆಯವರು ಆ ಕಟ್ಟಡವನ್ನು ಇಂದಿಗೂ ‘ಸಿಮ್ಲಾ ಆಫೀಸು’ ಎಂದೇ ಕರೆಯುವರು. 1932ರಲ್ಲಿ ಎಲ್. ಎ. ರಾಮದಾಸರ ನೇತೃತ್ವದಲ್ಲಿ ಇಲ್ಲಿಯೇ ಕೃಷಿ ಹವಾಮಾನ ವಿಭಾಗವು ಆರಂಭವಾಯಿತು. ಮೋಡ ಗಾಳಿಗಳನ್ನು ನಾವಿಕನಿಗಾಗಿಯೋ ವಿಮಾನಿಕನಿಗಾಗಿಯೋ ಅಲ್ಲ, ಬೆಳೆಗಾಗಿ ಅಳೆಯುವ ಕಾರ್ಯ ಈ ದೇಶದಲ್ಲಿ ಹೀಗೆ ಪುಣೆಯಲ್ಲಿ ಬೇರೂರಿತು.

ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನ ಪೆನ್ಮನ್ ಎಂಬವರು ಬಿಸಿಲು, ಉಷ್ಣತೆ, ಆರ್ದ್ರತೆ, ಗಾಳಿಯ ವೇಗ ಇವುಗಳಿಂದ ನೀರು ಆವಿಯಾಗುವ ಪ್ರಮಾಣವನ್ನು ಲೆಕ್ಕಿಸುವ ಸೂತ್ರವನ್ನು 1948ರಲ್ಲಿ ಕೊಟ್ಟರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 1998ರಲ್ಲಿ ಇದರ ಪರಿಷ್ಕೃತ ರೂಪವನ್ನು ಜಗತ್ತಿಗೆಲ್ಲ ಮಾದರಿಯಾಗಿ ಪ್ರಕಟಿಸಿ, ಒಂದೊಂದು ಬೆಳೆಗೆ ಒಂದೊಂದು ಗುಣಾಂಕವನ್ನು ಹೇಳಿತು. ಪೂರ್ಣ ಹರಡಿದ ತಿನ್ನುವ ದ್ರಾಕ್ಷಿಗೆ ಆ ಗುಣಾಂಕ 0.85, ಆಲಿವ್‌ಗೆ 0.70ರ ಆಸುಪಾಸು.

ಲೆಕ್ಕವನ್ನು ಉದಾಹರಣೆಯಿಂದ ನೋಡೋಣ. ಬೇಸಗೆಯ ಒಂದು ದಿನ ಮಾದರಿ ಬಾಷ್ಪವು 6 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ದ್ರಾಕ್ಷಿಯ ಗುಣಾಂಕದಿಂದ ಗುಣಿಸಿದರೆ 5.1 ಮಿಲಿಮೀಟರು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ನೀರೆಂದರೆ 4,047 ಲೀಟರು. ಆದುದರಿಂದ ಆ ತೋಟದ ಆ ದಿನದ ವೆಚ್ಚ ಎಕರೆಗೆ ಸುಮಾರು 20,600 ಲೀಟರು. 10,000 ಲೀಟರಿನ ಟ್ಯಾಂಕರು ಎರಡಕ್ಕೂ ಮಿಕ್ಕು. ಇದು ಬ್ಯಾಂಕಿನ ಖಾತೆಯ ಲೆಕ್ಕದಂತೆಯೇ ಸರಿ. ನೆಲವು ಠೇವಣಿ, ಮಳೆ ಮತ್ತು ನೀರಾವರಿ ಜಮೆ, ಬಾಷ್ಪ ಖರ್ಚು. ಬಾಕಿ ಒಂದು ಮಿತಿಗಿಂತ ಕೆಳಗೆ ಇಳಿದರೆ ಜಮೆ ಮಾಡಬೇಕು.

ಆದರೆ ಲೆಕ್ಕಪತ್ರದ ಬಾಕಿಗೂ ತಿಜೋರಿಯಲ್ಲಿರುವ ಹಣಕ್ಕೂ ತಾಳೆ ನೋಡದೆ ಯಾವ ಲೆಕ್ಕಿಗನೂ ವರ್ಷವನ್ನು ಮುಗಿಸಲಾರನು. ಗುಣಾಂಕವು ಸರಾಸರಿಯದು, ಬಳ್ಳಿಯ ಹರಹು, ವಯಸ್ಸು, ಬೇರುಕಾಂಡ, ನೆಲದ ಆಳ ಇವೆಲ್ಲ ತೋಟದಿಂದ ತೋಟಕ್ಕೆ ಬೇರೆ. ಹತ್ತರಲ್ಲಿ ಒಂದು ಪಾಲು ತಪ್ಪಿದರೂ ಮೇಲಿನ ಉದಾಹರಣೆಯಲ್ಲಿ ದಿನಕ್ಕೆ ಎರಡು ಸಾವಿರ ಲೀಟರು, ನೂರು ದಿನಕ್ಕೆ 2 ಲಕ್ಷ ಲೀಟರು ವ್ಯತ್ಯಾಸವಾಗುವುದು. ತಪ್ಪು ಕೊರತೆಯ ಕಡೆಗಾದರೆ ಬೆಳೆ ಹೋಯಿತು. ಹೆಚ್ಚಳದ ಕಡೆಗಾದರೆ ಬಾವಿ ಹೋಯಿತು.

4. ನೆಲದ ಸಾಕ್ಷ್ಯ ಮತ್ತು ಅದರ ಮಿತಿ

ಎರಡನೆಯ ಮಾನದಂಡ ನೆಲ. ರಂಧ್ರಮಯವಾದ ಮಣ್ಣಿನ ಬಟ್ಟಲನ್ನು ತುದಿಗೆ ಸೇರಿಸಿದ, ನೀರು ತುಂಬಿದ ನಳಿಕೆಯನ್ನು ಬೇರಿನ ಆಳಕ್ಕೆ ಹೂಳಿದರೆ, ಒಣನೆಲವು ಬಟ್ಟಲಿನಿಂದ ನೀರನ್ನು ಎಳೆಯುವ ಬಲವನ್ನು ಮೇಲಿನ ಮುಳ್ಳು ತೋರಿಸುತ್ತದೆ. ಇದಕ್ಕೆ ಟೆನ್ಸಿಯೋಮೀಟರು ಎಂದು ಹೆಸರು. ಅಗ್ಗವಾದ, ಸರಳವಾದ ಉಪಕರಣ. ಆದರೆ ಸುಮಾರು 0.8 ಬಾರಿಗಿಂತ ಹೆಚ್ಚಿನ ಸೆಳೆತದಲ್ಲಿ ನಳಿಕೆಯೊಳಗೆ ಗಾಳಿ ಸೇರಿ ಅದು ಮೂಕವಾಗುತ್ತದೆ. ಗಿಡಗಳು ನಿಜವಾಗಿ ಕಷ್ಟಪಡುವುದು ಅದರ ಆಚೆಗೆ. ಸಾಮಾನ್ಯ ಬೆಳೆಗಳು ಮತ್ತೆ ಚೇತರಿಸಿಕೊಳ್ಳದಂತೆ ಬಾಡುವ ಮಟ್ಟವನ್ನು ಮಣ್ಣಿನ ಶಾಸ್ತ್ರಜ್ಞರು 15 ಬಾರ್ ಎಂದು ಎಣಿಸುವರು; ಆಲಿವ್ ಮರವಾದರೋ 25 ಬಾರಿನಷ್ಟು ಬಿಗಿಯಾಗಿ ಹಿಡಿದ ನೀರನ್ನೂ ನೆಲದಿಂದ ಹಿಂಡಿಕೊಳ್ಳಬಲ್ಲದು.

ಎರಡನೆಯ ತೊಡಕು ಹನಿ ನೀರಾವರಿಯಿಂದ ಬಂದದ್ದು. 1965ರಲ್ಲಿ ಇಸ್ರೇಲಿನಲ್ಲಿ ಉದ್ಯಮದ ರೂಪ ತಾಳಿ ಬಳಿಕ ನಮ್ಮ ದ್ರಾಕ್ಷಿತೋಟಗಳನ್ನೆಲ್ಲ ವ್ಯಾಪಿಸಿದ ಈ ಪದ್ಧತಿಯಲ್ಲಿ ನೀರು ನೆಲವನ್ನೆಲ್ಲ ತೋಯಿಸುವುದಿಲ್ಲ. ಹನಿಯ ಕೆಳಗೆ ಒಂದು ಗಡ್ಡೆಯ ಆಕಾರದಲ್ಲಿ ಮಾತ್ರ ಹರಡುತ್ತದೆ. ಉಪಕರಣ ಆ ಗಡ್ಡೆಯೊಳಗಿದ್ದರೆ ನೆಲವು ಹಸಿ, ಒಂದು ಗೇಣು ಆಚೆಗಿದ್ದರೆ ನೆಲವು ಒಣಗಲು. ಎರಡೂ ಸತ್ಯವೇ, ಆದರೆ ಎರಡೂ ಗಿಡದ ಸತ್ಯವಲ್ಲ. ಎರೆಯ ನೆಲದಲ್ಲಿ ನೀರು ಬಹಳವಿದ್ದರೂ ಬಿಗಿಯಾಗಿ ಹಿಡಿಯಲ್ಪಟ್ಟಿರುತ್ತದೆ. ಮೊರಮಿನ ನೆಲದಲ್ಲಿ ಸ್ವಲ್ಪವೇ ಇದ್ದರೂ ಸುಲಭವಾಗಿ ಸಿಗುತ್ತದೆ. ಬೇರುಗಳು ಎಲ್ಲಿ ಎಷ್ಟು ಕುಡಿದವೆಂಬುದರ ಒಟ್ಟು ಮೊತ್ತವನ್ನು ಬಲ್ಲದ್ದು ಗಿಡವೊಂದೇ.

5. ಗಿಡವನ್ನೇ ಕೇಳುವ ಉಪಾಯಗಳು

ಗಿಡದ ಸೆಳೆತವನ್ನು ನೇರವಾಗಿ ಅಳೆಯುವ ಉಪಕರಣವನ್ನು ಲೋಕಕ್ಕೆ ಕೊಟ್ಟವರು ಕ್ಯಾಲಿಫೋರ್ನಿಯದಲ್ಲಿದ್ದ ಪರ್ ಶೋಲಾಂಡರ್ ಮತ್ತು ಅವರ ಸಂಗಡಿಗರು, ವರ್ಷ 1965. ಡಿಕ್ಸನ್ನರು ಹಿಂದೆಯೇ ಇಂಥ ಪ್ರಯತ್ನ ಮಾಡಿದ್ದರು, ಆದರೆ ಅವರ ಗಾಜಿನ ಪಾತ್ರೆ ಒತ್ತಡವನ್ನು ತಾಳಲಿಲ್ಲ. ಶೋಲಾಂಡರರು ಉಕ್ಕಿನ ಕೋಶವನ್ನು ಬಳಸಿದರು. ಕ್ರಮ ಹೀಗಿದೆ: ಎಲೆಯನ್ನು ತೊಟ್ಟಿನ ಸಮೇತ ಕತ್ತರಿಸಬೇಕು. ಕತ್ತರಿಸಿದ ಕೂಡಲೇ ಸೆಳೆತದಲ್ಲಿದ್ದ ರಸವು ಕಡಿದ ರಬ್ಬರಿನ ಹುರಿಯಂತೆ ಒಳಗೆ ಸರಿಯುತ್ತದೆ. ಎಲೆಯನ್ನು ಕೋಶದೊಳಗಿಟ್ಟು, ತೊಟ್ಟಿನ ತುದಿ ಮಾತ್ರ ರಬ್ಬರಿನ ಬಿರಡೆಯ ಮೂಲಕ ಹೊರಗೆ ಕಾಣುವಂತೆ ಮಾಡಿ, ನೈಟ್ರೋಜನ್ ವಾಯುವನ್ನು ಮೆಲ್ಲಮೆಲ್ಲನೆ ತುಂಬಬೇಕು. ಯಾವ ಕ್ಷಣದಲ್ಲಿ ತೊಟ್ಟಿನ ಕೊಯ್ತದ ಮೇಲೆ ರಸವು ಮಿನುಗುವುದೋ ಆ ಕ್ಷಣದ ಒತ್ತಡವೇ ಗಿಡದ ಸೆಳೆತ. ತಕ್ಕಡಿಯ ಒಂದು ತಟ್ಟೆಯಲ್ಲಿ ಗಿಡದ ನೀರಡಿಕೆ, ಇನ್ನೊಂದರಲ್ಲಿ ನಾವು ತುಂಬಿದ ವಾಯು. ಎರಡೂ ಸಮನಾದಾಗ ರಸ ಕಾಣಿಸಿಕೊಳ್ಳುತ್ತದೆ. ಎತ್ತರದ ಮರಗಳ ತುದಿಯ ರೆಂಬೆಯನ್ನು ಪಡೆಯಲು ಅವರು ಬಂದೂಕಿನಿಂದ ಹೊಡೆದು ಕೆಡವಿದರೆಂಬುದು ವಿಜ್ಞಾನದ ಇತಿಹಾಸದ ಒಂದು ರಂಜಕ ಸಂಗತಿ.

ಈ ಅಳತೆಯನ್ನು ಯಾವ ಹೊತ್ತಿಗೆ ಮಾಡಬೇಕೆಂಬುದು ಮುಖ್ಯ. ಸೂರ್ಯೋದಯಕ್ಕೆ ಮುಂಚೆ ಮಾಡಿದರೆ, ಇರುಳೆಲ್ಲ ರಂಧ್ರಗಳು ಮುಚ್ಚಿ ಗಿಡವು ನೆಲದೊಡನೆ ಸಮತೋಲಕ್ಕೆ ಬಂದಿರುವುದರಿಂದ, ಬೇರಿನ ಸುತ್ತಲಿನ ನೆಲದ ಸ್ಥಿತಿ ತಿಳಿಯುತ್ತದೆ. ನಡುಹಗಲಿನಲ್ಲಿ ಮಾಡಿದರೆ ಆಕಾಶದ ಬೇಡಿಕೆಯೂ ಕೂಡಿದ ಒಟ್ಟು ಸಂಕಟ ತಿಳಿಯುತ್ತದೆ. ನಡುಹಗಲಿನ ಅಳತೆಗೆ ಎಲೆಯನ್ನು ಒಂದೆರಡು ಗಂಟೆ ಮುಂಚೆಯೇ ಬೆಳ್ಳಿಯ ಕಾಗದದ ಚೀಲದಲ್ಲಿ ಮುಚ್ಚಿಡುವರು. ಆಗ ಆ ಎಲೆಯಿಂದ ಬಾಷ್ಪ ನಿಂತು, ಅದು ಕಾಂಡದ ಸೆಳೆತವನ್ನೇ ತೋರಿಸುವ ಮಾಪಕವಾಗುತ್ತದೆ. ಹೀಗೆ ದೊರೆತ ‘ಕಾಂಡದ ಸೆಳೆತ’ವು ಒಂಟಿ ಎಲೆಯ ಸೆಳೆತಕ್ಕಿಂತ ಹೆಚ್ಚು ವಿಶ್ವಾಸಾರ್ಹವೆಂದು ತೋಟಗಾರಿಕೆಯ ಶಾಸ್ತ್ರಜ್ಞರು ಒಪ್ಪಿದ್ದಾರೆ.

ಒತ್ತಡ ಕೋಶಕ್ಕೆ ಒಂದು ಕೊರತೆಯುಂಟು. ಅದು ಮನುಷ್ಯನನ್ನು ಬೇಡುತ್ತದೆ; ತಾನೇ ಇರುಳು ಹಗಲು ದಾಖಲಿಸಲಾರದು. ಈ ಕೊರತೆಯನ್ನು ತುಂಬಲು ಬೇರೆ ಉಪಾಯಗಳು ಬಂದವು. ಮೊದಲನೆಯದು ಕಾಂಡದ ಮಾಪನ. ಹಗಲು ಬೇರು ತರುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಹೋಗುವುದರಿಂದ ಕಾಂಡವು ಮಿಲಿಮೀಟರಿನ ಅಲ್ಪಾಂಶದಷ್ಟು ಸೊರಗುತ್ತದೆ. ಇರುಳು ಮತ್ತೆ ಹಿಗ್ಗುತ್ತದೆ. ಈ ಹಿಗ್ಗು ಕುಗ್ಗುಗಳನ್ನು ಸೂಕ್ಷ್ಮಮಾಪಕವು ಎಡೆಬಿಡದೆ ಬರೆದಿಡುತ್ತದೆ. ಎರಡನೆಯದು ರಸದ ವೇಗ. ಕಾಂಡದಲ್ಲಿ ಸೂಜಿಯಿಂದ ಬಿಸಿಯ ಒಂದು ಮಿಡಿತವನ್ನು ಕೊಟ್ಟು, ಅದು ಮೇಲಿನ ಇನ್ನೊಂದು ಸೂಜಿಯನ್ನು ತಲಪಲು ಹಿಡಿದ ಕಾಲದಿಂದ ರಸದ ಹರಿವನ್ನು ಲೆಕ್ಕಿಸುವುದು. ಜರ್ಮನಿಯ ಬ್ರೂನೋ ಹೂಬರ್ 1932ರಲ್ಲಿ ಈ ದಾರಿಯನ್ನು ತೋರಿದರು. ಮೂರನೆಯದು ಎಲೆಯ ಉಷ್ಣತೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಆದುದರಿಂದ ಚೆನ್ನಾಗಿ ನೀರು ಕುಡಿದ ಎಲೆ ತಂಪಾಗಿಯೂ, ರಂಧ್ರ ಮುಚ್ಚಿಕೊಂಡ ಎಲೆ ಬಿಸಿಯಾಗಿಯೂ ಇರುತ್ತದೆ. ಅಮೆರಿಕೆಯ ಆರಿಜೋನದಲ್ಲಿ ಜಾಕ್ಸನ್, ಇಡ್ಸೋ ಮೊದಲಾದವರು 1981ರಲ್ಲಿ ಈ ಅಂತರವನ್ನು ಸೊನ್ನೆಯಿಂದ ಒಂದರವರೆಗಿನ ಒಂದು ಸೂಚ್ಯಂಕವಾಗಿ ರೂಪಿಸಿದರು. ದೂರದಿಂದಲೇ, ಈಗ ವಿಮಾನ ಉಪಗ್ರಹಗಳಿಂದಲೂ, ಇದನ್ನು ಅಳೆಯಬಹುದು. ಜ್ವರವನ್ನು ನೋಡಿ ರೋಗವನ್ನು ಊಹಿಸಿದಂತೆ ಇದು. ಶುಷ್ಕವಾದ ಶುಭ್ರಾಕಾಶದಲ್ಲಿ ಚೆನ್ನಾಗಿ ನಡೆಯುತ್ತದೆ, ಮೋಡ ಕವಿದ ದಿನ ಮೋಸಮಾಡುತ್ತದೆ.

6. ಆಲಿವ್ ಮರ ಕಲಿಸಿದ ಪಾಠ

ಸ್ಪೇನ್, ಇಟಲಿ, ಗ್ರೀಸುಗಳಲ್ಲಿ ಆಲಿವ್ ಸಾವಿರಾರು ವರ್ಷ ಮಳೆಯ ಆಧಾರದ ಮೇಲೆಯೇ ಬೆಳೆದ ಮರ. ಮರಗಳನ್ನು ಒತ್ತಾಗಿ ನೆಟ್ಟು ಯಂತ್ರದಿಂದ ಕೊಯ್ಯುವ ಪದ್ಧತಿ ಬಂದ ಮೇಲೆ ಅದಕ್ಕೂ ನೀರಾವರಿ ಬೇಕಾಯಿತು, ಆದರೆ ನೀರು ಅಲ್ಲಿಯೂ ದುರ್ಲಭ. ಆದುದರಿಂದ ಸೆವಿಲ್ಲೆಯೇ ಮೊದಲಾದ ಕಡೆಗಳಲ್ಲಿ ಈ ಮರದ ಮೇಲೆ ದೀರ್ಘವಾದ ಸಂಶೋಧನೆ ನಡೆಯಿತು. ನಮ್ಮಲ್ಲಿಯೂ ರಾಜಸ್ಥಾನ ಸರಕಾರವು 2007ರಲ್ಲಿ ಇಸ್ರೇಲಿನ ನೆರವಿನಿಂದ ಆಲಿವ್ ಕೃಷಿಗೆ ಕೈಹಾಕಿತು.

ಆ ಸಂಶೋಧನೆಯಿಂದ ಮೂರು ಪಾಠಗಳು ಹೊರಟಿವೆ. ಮೊದಲನೆಯದು: ಎಲ್ಲ ಕಾಲಕ್ಕೂ ಒಂದೇ ಮಿತಿಯಿಲ್ಲ. ಸುಖವಾಗಿರುವ ಆಲಿವ್ ಮರದ ನಡುಹಗಲಿನ ಕಾಂಡದ ಸೆಳೆತ 12ರಿಂದ 14 ಬಾರ್. ಆದರೆ ಕಾಯಿಯ ಗೊರಟೆ ಗಟ್ಟಿಯಾಗುವ ನಡುಬೇಸಗೆಯಲ್ಲಿ 20 ಬಾರಿನವರೆಗೆ ಬಿಟ್ಟರೂ ಇಳುವರಿಗೆ ಹೆಚ್ಚಿನ ಬಾಧೆಯಿಲ್ಲ. ಎಂದರೆ ನೀರು ಅತ್ಯಂತ ದುಬಾರಿಯಾದ ಕಾಲದಲ್ಲಿಯೇ ಉಳಿತಾಯಕ್ಕೆ ಎಡೆಯುಂಟು. ಮರವು ಯಾವ ಹಂತದಲ್ಲಿ ಉಪವಾಸವನ್ನು ತಾಳುವುದೆಂಬುದನ್ನು ತಿಳಿದವನು ನೀರನ್ನು ಉಳಿಸಬಲ್ಲನು. ತಿಳಿಯದವನು ಎಲ್ಲ ಕಾಲಕ್ಕೂ ಸಮನಾಗಿ ಕಡಿಮೆ ಮಾಡಿ ಎಲ್ಲವನ್ನೂ ಕೆಡಿಸುವನು.

ಎರಡನೆಯದು: ಉಪಕರಣದ ಮಾತನ್ನು ವಿಮರ್ಶೆಯಿಲ್ಲದೆ ನಂಬಬಾರದು. ಸಂಕಟ ಹೆಚ್ಚಿದಂತೆ ಆಲಿವ್ ಕಾಂಡದ ಹಗಲಿನ ಸೊರಗು ಮೊದಲು ಹೆಚ್ಚುತ್ತದೆ, ಆದರೆ ಸಂಕಟ ವಿಪರೀತವಾದಾಗ ಅದೇ ಸೊರಗು ಕಡಿಮೆಯಾಗುತ್ತದೆ. ಸೊರಗಲು ಇನ್ನೇನೂ ಉಳಿದಿರುವುದಿಲ್ಲ. ಒಂದೇ ಅಂಕಿ ಎರಡು ವಿರುದ್ಧ ಸ್ಥಿತಿಗಳನ್ನು ಸೂಚಿಸಬಹುದು. ಆದುದರಿಂದ ಆ ಮರಕ್ಕೆ ದಿನದ ಸೊರಗಿಗಿಂತ ದಿನದಿಂದ ದಿನಕ್ಕೆ ಆಗುವ ಕಾಂಡದ ಬೆಳವಣಿಗೆಯನ್ನು ನೋಡುವುದು ಲೇಸೆಂದು ಶಾಸ್ತ್ರಜ್ಞರು ಕಂಡುಕೊಂಡರು.

ಮೂರನೆಯದು: ತುಲನೆಯಿಲ್ಲದ ಅಳತೆಗೆ ಅರ್ಥ ಕಡಿಮೆ. ಗಾಳಿ ಶುಷ್ಕವಾದ ದಿನ, ತುಂಬ ನೀರುಂಡ ಮರವೂ ಹೆಚ್ಚಿನ ಸೆಳೆತವನ್ನು ತೋರಿಸುತ್ತದೆ. ಆದುದರಿಂದ ತೋಟದಲ್ಲಿ ಕೆಲವು ಮರಗಳಿಗೆ ಯಥೇಚ್ಛ ನೀರನ್ನು ಕೊಟ್ಟು ಮಾದರಿಯಾಗಿ ಇಟ್ಟುಕೊಂಡು, ಉಳಿದವನ್ನು ಅವುಗಳೊಡನೆ ಹೋಲಿಸುವರು.

7. ದ್ರಾಕ್ಷಿಯ ನೆಲಕ್ಕೆ ಅನ್ವಯ

ಈಗ ನಮ್ಮ ನೆಲಕ್ಕೆ ಬರೋಣ. ಶೀತದೇಶದ ದ್ರಾಕ್ಷಿ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ. ದಖ್ಖನಿನಲ್ಲಿ ಅದಕ್ಕೆ ಆ ವಿಶ್ರಾಂತಿಯಿಲ್ಲ. ಆದುದರಿಂದ ವರ್ಷಕ್ಕೆ ಎರಡು ಸಲ ಚಾಟಣಿ ಮಾಡುವರು: ಏಪ್ರಿಲಿನ ಸುಮಾರಿಗೆ ಕಡ್ಡಿಯನ್ನು ಬೆಳೆಸಲು, ಅಕ್ಟೋಬರಿನ ಸುಮಾರಿಗೆ ಹಣ್ಣನ್ನು ಪಡೆಯಲು. ಏಪ್ರಿಲ್ ಚಾಟಣಿಯ ತರುವಾಯದ ಬೆಳವಣಿಗೆ, ಆಕಾಶದ ಬೇಡಿಕೆ ಅತ್ಯಧಿಕವಾಗಿಯೂ ಬಾವಿಯ ನೀರು ಅತ್ಯಲ್ಪವಾಗಿಯೂ ಇರುವ ಕಾಲಕ್ಕೆ ಸರಿಯಾಗಿ ಬೀಳುತ್ತದೆ. ಆಗ ಬಳ್ಳಿಯ ಮೇಲೆ ಹಣ್ಣಿಲ್ಲ; ಕಣ್ಣಿಗೆ ಕಾಣುವ ಲಾಭವಿಲ್ಲ. ಆದರೆ ಮುಂದಿನ ವರ್ಷದ ಗೊಂಚಲು ಕಡ್ಡಿಯ ಮೊಗ್ಗಿನೊಳಗೆ ರೂಪುಗೊಳ್ಳುವುದು ಚಾಟಣಿಯಾದ ನಲವತ್ತರಿಂದ ಅರವತ್ತು ದಿನಗಳ ಆಸುಪಾಸಿನಲ್ಲಿಯೇ. ಆ ಹಂತದಲ್ಲಿ ಮಿತವಾದ ನೀರಡಿಕೆ ಹಿತಕರ, ಏಕೆಂದರೆ ಕುಡಿಯ ಹುರುಪು ತಗ್ಗಿ ಮೊಗ್ಗು ಫಲವತ್ತಾಗುತ್ತದೆ. ಮಿತಿಮೀರಿದ ನೀರಡಿಕೆಯಾದರೆ ಕಡ್ಡಿಯೇ ಬಡವಾಗುತ್ತದೆ. ಇದಕ್ಕೆ ಪ್ರತಿಯಾಗಿ, ಅಕ್ಟೋಬರ್ ಚಾಟಣಿಯ ಬಳಿಕ ಕಾಯಿ ಕಚ್ಚಿ ಅದರ ಕೋಶಗಳು ವಿಭಜನೆಯಾಗುವ ಕಾಲದಲ್ಲಿ ನೀರು ತಪ್ಪಿದರೆ ಕಾಯಿಯ ಗಾತ್ರಕ್ಕಾದ ನಷ್ಟವನ್ನು ಮುಂದೆ ಎಷ್ಟು ನೀರು ಕೊಟ್ಟರೂ ತುಂಬಲಾಗದು. ‘ಮಿತ’ ಎಂಬುದಕ್ಕೂ ‘ಮಿತಿಮೀರಿದ’ ಎಂಬುದಕ್ಕೂ ನಡುವಣ ಗೆರೆಯನ್ನು ಕಣ್ಣು ಎಳೆಯಲಾರದು, ಅಳತೆ ಎಳೆಯಬಲ್ಲದು.

ದ್ರಾಕ್ಷಿಯ ಮುಂಜಾವಿನ ಸೆಳೆತದ ಮಾನವನ್ನು ಫ್ರಾನ್ಸಿನಲ್ಲಿ ಹೀಗೆ ವರ್ಗೀಕರಿಸಿದ್ದಾರೆ: 2 ಬಾರಿಗಿಂತ ಕಡಿಮೆಯಾದರೆ ನೀರಡಿಕೆಯಿಲ್ಲ, 2ರಿಂದ 3 ಅಲ್ಪ, 3ರಿಂದ 5 ಮಧ್ಯಮ, 5ರಿಂದ 8 ತೀವ್ರ. ಇವು ಮದ್ಯದ ದ್ರಾಕ್ಷಿಯನ್ನು ನೋಡಿ ಮಾಡಿದ ಅಂಕಿಗಳು. ಅಲ್ಲಿ ಕಾಯಿ ಚಿಕ್ಕದಾಗಿ ರಸ ಗಾಢವಾದರೆ ಗುಣ. ನಮ್ಮ ಥಾಮ್ಸನ್, ಸೋನಾಕಾ ತಳಿಗಳ ತಿನ್ನುವ ದ್ರಾಕ್ಷಿಗೆ ಕಾಯಿ ಚಿಕ್ಕದಾದರೆ ಪೇಟೆಯೇ ಇಲ್ಲ. ಆದುದರಿಂದ ಉಪಾಯವನ್ನು ಎರವಲು ತರಬಹುದು, ಮಿತಿಗಳನ್ನು ಎರವಲು ತರಬಾರದು. ಅವನ್ನು ಇಲ್ಲಿಯೇ, ಇಲ್ಲಿಯ ತಳಿ ಮತ್ತು ಬೇರುಕಾಂಡಗಳ ಮೇಲೆ ಗೊತ್ತುಪಡಿಸಬೇಕು. ಕ್ಷಾರ ಮತ್ತು ಬರಗಳನ್ನು ತಾಳುವ ‘ಡಾಗ್‌ರಿಜ್’ ಬೇರುಕಾಂಡದ ಮೇಲೆ ಕಸಿಮಾಡಿದ ಬಳ್ಳಿಯ ಉತ್ತರ ಒಂದಾದರೆ, ಸ್ವಂತ ಬೇರಿನ ಬಳ್ಳಿಯ ಉತ್ತರ ಇನ್ನೊಂದು.

ಇದಕ್ಕೆ ತಕ್ಕ ಸಂಸ್ಥೆಯು ನಮ್ಮ ನೆರೆಯಲ್ಲಿಯೇ ಇದೆ. ಕ್ಯಾಂಪಿನಿಂದ ಪೂರ್ವಕ್ಕೆ, ಹಡಪಸರದ ಆಚೆಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರವು 1997ರಲ್ಲಿ ಸ್ಥಾಪಿತವಾಯಿತು. ಬಾಷ್ಪಪಾತ್ರೆಯ ಅಂಕಿ ಮತ್ತು ಬಳ್ಳಿಯ ಬೆಳವಣಿಗೆಯ ಹಂತ ಇವೆರಡನ್ನು ಸೇರಿಸಿ ಎಷ್ಟು ನೀರು ಕೊಡಬೇಕೆಂಬ ಸಲಹೆಯನ್ನು ಅದು ನಾಶಿಕ, ಪುಣೆ, ಸಾಂಗಲಿ, ಸೋಲಾಪುರಗಳಿಗಷ್ಟೇ ಅಲ್ಲದೆ ವಿಜಯಪುರದ ಬೆಳೆಗಾರರಿಗೂ ಕೊಟ್ಟಿದೆ. ಆಕಾಶದ ಲೆಕ್ಕವು ಹೀಗೆ ಗಡಿಯನ್ನು ದಾಟಿದೆ. ಗಿಡದ ಸಾಕ್ಷ್ಯವು ಮಾತ್ರ ಇನ್ನೂ ಪ್ರಯೋಗಶಾಲೆಯ ಬೇಲಿಯನ್ನು ದಾಟಿ ಸಾಮಾನ್ಯ ತೋಟಕ್ಕೆ ಬಂದಿಲ್ಲವೆಂದೇ ಹೇಳಬೇಕು.

8. ಹೆಚ್ಚಾದರೂ ನಷ್ಟ, ಕಡಿಮೆಯಾದರೂ ನಷ್ಟ

ನೀರಡಿಕೆಯನ್ನು ಅಳೆಯುವುದೆಂದರೆ ಕೊರತೆಯನ್ನು ಅಳೆಯುವುದೆಂದಷ್ಟೇ ಭಾವಿಸಬಾರದು. ನೀರಾ ಎಡದಂಡೆ ಕಾಲುವೆ 1885ರಲ್ಲಿ ಹರಿಯಿತು. ಕಾಲು ಶತಮಾನ ಕಳೆಯುವಷ್ಟರಲ್ಲಿ, 1910ರಲ್ಲಿ, ಪುಣೆಯ ಕೃಷಿ ಕಾಲೇಜಿನ ಹೆರಲ್ಡ್ ಮ್ಯಾನ್ ಅವರು ತಾಮ್ಹಣೆಯವರೊಡನೆ ನೀರಾ ಕಣಿವೆಯ ಸವಳು ಭೂಮಿಗಳ ಬಗೆಗೆ ವರದಿಯನ್ನು ಬರೆಯಬೇಕಾಯಿತು. ಬೇಕಾದುದಕ್ಕಿಂತ ಹೆಚ್ಚು ಕೊಟ್ಟ ನೀರು ನೆಲದೊಳಗೆ ನಿಂತು, ಕೆಳಗಿನ ಲವಣವನ್ನು ಮೇಲಕ್ಕೆ ತಂದು, ಫಲವತ್ತಾದ ಎರೆಯನ್ನು ಬಿಳಿಯ ಬಂಜರು ಮಾಡಿತ್ತು. ಸವಳು ನೆಲದಲ್ಲಿ ನೀರಿದ್ದರೂ ಗಿಡಕ್ಕೆ ನೀರಡಿಕೆ ತಪ್ಪದು; ಲವಣವೂ ನೀರನ್ನು ಸೆಳೆದು ಹಿಡಿಯುತ್ತದೆ. ಒತ್ತಡ ಕೋಶವು ಈ ಸಂಕಟವನ್ನೂ ತೋರಿಸಬಲ್ಲದು, ಹಸಿನೆಲವನ್ನು ನೋಡಿ ತೃಪ್ತವಾದ ಕಣ್ಣು ತೋರಿಸಲಾರದು.

ಇತ್ತ ಕೊರತೆಯ ಚಿತ್ರವೂ ಅಷ್ಟೇ ಕಠಿನ. 2016ರ ಏಪ್ರಿಲಿನಲ್ಲಿ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಅಂಥ ವರ್ಷಗಳಲ್ಲಿ ತೋಟಿಗನು ಟ್ಯಾಂಕರಿನ ನೀರನ್ನು ಕೊಂಡು ಬಳ್ಳಿಗೆ ಉಣಿಸುವನು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರಗಳ ಕನ್ನಡ ಒಕ್ಕಲಿಗನಿಗೂ ಗಡಿಯಾಚೆಯ ತಿಕೋಟೆಯ ಒಕ್ಕಲಿಗನಿಗೂ ಈ ವಿಷಯದಲ್ಲಿ ಭೇದವಿಲ್ಲ. ದ್ರಾಕ್ಷಿ ಒಂದು ವರ್ಷದ ಬೆಳೆಯಲ್ಲ. ಚಪ್ಪರ, ಕಸಿ, ಹನಿಯ ಕೊಳವೆ ಇವುಗಳಲ್ಲಿ ಹಾಕಿದ ಹಣ ಹಲವು ವರ್ಷಗಳ ಮೇಲೆ ಹಿಂದಿರುಗಬೇಕಾದದ್ದು. ಬೆಳೆಸಾಲವಾದರೋ ಬೆಳೆ ಮತ್ತು ಕ್ಷೇತ್ರಗಳ ಲೆಕ್ಕದಲ್ಲಿ ಎಕರೆಗೆ ಇಷ್ಟೆಂದು ನಿಗದಿಯಾಗುತ್ತದೆ. ತೋಟದ ನೀರಿನ ಆಯವ್ಯಯವನ್ನು ಅದರ ಜೊತೆಗೆ ಪರಿಶೀಲಿಸುವುದು ಅಪರೂಪ. ಸಾಲವನ್ನು ತೀರಿಸಬೇಕಾದದ್ದು ಎಕರೆಯಲ್ಲ, ನೀರು. ಈ ಮಾತನ್ನು ಲೆಕ್ಕಪತ್ರವನ್ನು ಬಲ್ಲವರು ಒಪ್ಪದೆ ಇರಲಾರರು.

ವೆಚ್ಚದ ಆಕ್ಷೇಪಣೆ ಸಹಜ. ಒತ್ತಡ ಕೋಶವು ಒಬ್ಬ ಸಣ್ಣ ಹಿಡುವಳಿದಾರನ ಕೈಗೆ ಎಟುಕುವಂಥದಲ್ಲ, ಅದನ್ನು ನಡೆಸಲು ಅಭ್ಯಾಸವೂ ಬೇಕು. ಆದರೆ ಅದು ಒಬ್ಬನೇ ಇಟ್ಟುಕೊಳ್ಳಬೇಕಾದ ವಸ್ತುವೂ ಅಲ್ಲ. ಒಂದು ಹಳ್ಳಿಯ ಬೆಳೆಗಾರರ ಸಂಘವೋ ಸಹಕಾರಿ ಸೊಸೈಟಿಯೋ ಒಂದನ್ನು ಇಟ್ಟುಕೊಂಡು, ತರಬೇತಾದ ಒಬ್ಬ ತರುಣನು ಚಾಟಣಿಯ ಹಂತಗಳನ್ನು ನೋಡಿ ವಾರಕ್ಕೆ ಒಂದೆರಡು ಸಲ ಆಯ್ದ ತೋಟಗಳಲ್ಲಿ ಅಳೆದರೆ, ಆಕಾಶದ ಲೆಕ್ಕವನ್ನು ತಿದ್ದಿಕೊಳ್ಳಲು ಅಷ್ಟು ಸಾಕು. ದಿನದಿನದ ಖರ್ಚನ್ನು ಹವಾಮಾನದ ಅಂಕಿಗಳಿಂದ ಬರೆಯುವುದು, ಕಾಲಕಾಲಕ್ಕೆ ಗಿಡದ ಅಳತೆಯಿಂದ ಬಾಕಿಯನ್ನು ತಾಳೆ ನೋಡುವುದು. ಮೂರು ಮಾನದಂಡಗಳು ಒಂದಕ್ಕೊಂದು ಪ್ರತಿಸ್ಪರ್ಧಿಗಳಲ್ಲ. ಒಂದು ಇನ್ನೊಂದರ ಪರೀಕ್ಷಕ.

ಕೊನೆಗೆ ಭಾಷೆಯ ಒಂದು ಮಾತು. ಈ ಸಲಹೆಗಳು ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಹೊರಟು ಕನ್ನಡದ ಒಕ್ಕಲಿಗನನ್ನು ಸುತ್ತುದಾರಿಯಿಂದ ತಲಪುತ್ತವೆ. ಸೆಳೆತ, ಒತ್ತಡ ಕೋಶ, ಕಾಂಡದ ಸೊರಗು, ಬಾಷ್ಪದ ಲೆಕ್ಕ ಎಂಬ ಮಾತುಗಳು ನಮ್ಮ ನುಡಿಯಲ್ಲಿ ಸಹಜವಾಗಿ ನಿಲ್ಲುತ್ತವೆಂಬುದನ್ನು ಮೇಲಿನ ಪುಟಗಳಿಂದ ವಾಚಕರು ಕಂಡಿರಬಹುದು. ಲೋಕೋಪಕಾರಕ್ಕಾಗಿ ಜಲಶೋಧವನ್ನೂ ವೃಕ್ಷಾಯುರ್ವೇದವನ್ನೂ ಕನ್ನಡದಲ್ಲಿ ಬರೆದಿಟ್ಟ ಪರಂಪರೆ ನಮ್ಮದು. ಮಾಂಜರಿಯ ಸಮೀಪದಲ್ಲಿ ನೆಲಸಿ ಎರಡೂ ಭಾಷೆಗಳನ್ನು ಬಲ್ಲ ಪುಣೆಯ ಕನ್ನಡಿಗರು, ಅಲ್ಲಿಯ ಸಲಹೆಗಳನ್ನು ಕನ್ನಡದಲ್ಲಿ ತಿಕೋಟೆ ಜತ್ತಗಳಿಗೆ ತಲಪಿಸುವ ಕಾರ್ಯಕ್ಕೆ ಕೈಯಿಕ್ಕಿದರೆ, ಆ ಪರಂಪರೆಗೆ ಇಂದಿನ ಕಾಲದಲ್ಲಿ ಸಲ್ಲಿಸಬಹುದಾದ ತಕ್ಕ ಸೇವೆ ಅದಾಗುವುದು.